ಬೀಗಿತ್ತಿಯ ಕಿವಿಯಲ್ಲಿ ಬೇವಿನ ಕಡ್ಡಿ

ಅವರ ಕಿವಿಯ ತೂತುಗಳು ದೊಡ್ಡವು. ಎಷ್ಟೋ ವರ್ಷ ಭಾರದ ಓಲೆ ಹಾಕಿ ಹಾಲೆ ಜೋತುಬಿದ್ದಿತ್ತು. ಓಲೆ ಇಲ್ಲದ ದಿನಗಳಲ್ಲಿ ಆ ತೂತುಗಳಲ್ಲಿ ಬೇವಿನ ಕಡ್ಡಿಯ ಎರಡು ತುಂಡುಗಳು ಇರುತ್ತಿದ್ದವು. ಬೆಂಕಿಕಡ್ಡಿಗಿಂತ ಒಂದಿಷ್ಟು ದಪ್ಪ, ತುದಿಗಳನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದ್ದು. ಹೊಸದಾಗಿ ಸಿಕ್ಕಿಸಿದಾಗ ಹಸಿರಾಗಿದ್ದು ಆಮೇಲಾಮೇಲೆ ಕಂದು ತಿರುಗುತ್ತಿತ್ತು. ಓಲೆ ಅಡವಿಟ್ಟಾಗ ತೂತು ಮುಚ್ಚಿಕೊಳ್ಳದಿರಲಿ ಎಂದು ನಮ್ಮ ಕಡೆಯ ಹೆಂಗಸರು ಹಿಂದೆಲ್ಲ ಹೀಗೆ ಮಾಡುತ್ತಿದ್ದರು. ಈಗ ಯಾರೂ ಮಾಡುವುದಿಲ್ಲ. ಚನ್ನಪಟ್ಟಣದ ಯಾವ ಫ್ಯಾನ್ಸಿ ಅಂಗಡಿಗೆ ಹೋದರೂ ಗಿಲೀಟಿನ ಓಲೆ ಸಿಗುತ್ತದೆ. ಅದನ್ನು ಹಾಕಿಕೊಂಡರೆ ಚಿನ್ನ ಎಲ್ಲಿ ಹೋಯಿತು ಎಂದು ಪಕ್ಕದ ಮನೆಯವರೂ ಕೇಳುವುದಿಲ್ಲ. ಗಿಲೀಟು ಹಾಕಿದರೆ ಕಿವಿ ಸೋರುತ್ತದೆ ಎಂದು ಇವರು ಹೇಳುತ್ತಿದ್ದರು. ಅದು ನೆಪ.

ನಮ್ಮ ಒಬ್ಬಳೇ ಮಗಳ ಅತ್ತೆ ಅವರು, ನಮಗೆ ಬೀಗಿತ್ತಿ. ಅಕ್ಕೂರಿನಲ್ಲಿ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ರೇಷ್ಮೆ ಹುಳು ಸಾಕುವ ಮನೆ. ಗಂಡ ಸೊಪ್ಪು ಕಡಿದು ತರುವವರು, ಮಾತಿನಲ್ಲಿ ಬಲು ಜಿಪುಣರು. ಅವರ ಪಾಲಿನ ಮಾತನ್ನೂ ಸೇರಿಸಿ ಇವರೇ ಆಡುತ್ತಿದ್ದರು. ಹುಳುವಿಗೆ ವಾಸನೆ ಆಗದು ಎಂದು ಎಲೆಅಡಿಕೆ ಬಿಟ್ಟಿದ್ದರು, ಹೂವು ಮುಡಿಯುತ್ತಿರಲಿಲ್ಲ. ಬಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ ಮೂಸಿ ನೋಡುತ್ತಿದ್ದರು. ನಾನು ಮೊದಲ ಸಲ ಆ ಮನೆಗೆ ಹೋದಾಗ ಇಸ್ತ್ರಿಯ ಶರ್ಟು ಹಾಕಿ ಸೆಂಟು ಹೊಡೆದುಕೊಂಡು ಹೋಗಿದ್ದೆ. ಹುಳುವಿನ ಮನೆ ನೋಡುತ್ತೇನೆಂದು ಒಂದು ಹೆಜ್ಜೆ ಇಟ್ಟಿದ್ದೇ ತಡ, ಕೈ ಅಡ್ಡ ಹಿಡಿದರು. "ಅಲ್ಲೇ ನಿಂತ್ಕಳಿ ಬೀಗ್ರೇ. ನಿಮ್ ಸೆಂಟಿಗೆ ನನ್ ಹುಳ ತಲೆ ತಿರುಗಿ ಬಿದ್ದೋಯ್ತವೆ." ಇನ್ನೂ ಮಾತುಕತೆ ಮುಗಿಯದ ಸಂಬಂಧ ಅದು, ಆಗಲೇ ನನ್ನನ್ನು ಬೀಗರೆಂದು ಕರೆದಾಗಿತ್ತು. ನನ್ನ ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕಳು.

ಅವರ ಹೊಟ್ಟೆಯಲ್ಲಿ ಒಂದು ಮಾತು ಉಳಿಯುತ್ತಿರಲಿಲ್ಲ. ಗೂಡು ತೆಗೆದುಕೊಂಡು ರಾಮನಗರದ ಮಾರುಕಟ್ಟೆಗೆ ಹೋದರೆ, ವಾಪಸು ಬರುವ ಬಸ್ಸಿಗೆಲ್ಲ ಯಾವ ರೇಟಿಗೆ ಹೋಯಿತು, ಎಷ್ಟು ಕೈಗೆ ಬಂತು, ಅದರಲ್ಲಿ ಯಾರಿಗೆಷ್ಟು ಕೊಡಬೇಕು ಎಲ್ಲ ಗೊತ್ತಾಗುತ್ತಿತ್ತು. ನನ್ನ ಮಗಳು ಬಸುರಿ ಎಂಬ ಸುದ್ದಿಯನ್ನು ನನಗೆ ಮೊದಲು ಹೇಳಿದವನು ಬಸ್ಸಿನ ಕಂಡಕ್ಟರ್. ನನಗೆ ಇಂಥವರನ್ನು ಕಂಡರೆ ಭಯ. ನಾನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಸಂಬಳ ಇಷ್ಟು ಎಂದು ಸ್ವಂತ ತಮ್ಮಂದಿರಿಗೂ ಹೇಳಿದವನಲ್ಲ. ಹೆಚ್ಚಿರಬೇಕು ಎಂದು ಅವರು ಅಂದುಕೊಂಡಿದ್ದರು, ಅಂದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೆ.

ಹೆಣ್ಣು ನೋಡಲು ಬಂದ ದಿನವೂ ಅವರು ಬಂದದ್ದು ಕಡ್ಡಿಯಲ್ಲೇ. ನಮ್ಮ ಮನೆಯ ಹಾಲ್‌ನಲ್ಲಿ ನನ್ನ ತಮ್ಮಂದಿರು, ಅವರ ಹೆಂಡಂದಿರು, ನನ್ನ ಜೊತೆ ಕೆಲಸ ಮಾಡುವ ಒಬ್ಬಿಬ್ಬರು ಕೂತಿದ್ದರು. ಎಲ್ಲರ ಕಣ್ಣೂ ಆ ಕಿವಿಯ ಮೇಲೆ. ಯಾರೂ ಕೇಳದಿದ್ದರೂ ಅವರೇ ಶುರು ಮಾಡಿದರು. ಹುಳುವಿನ ಮನೆಗೆ ಹೊಸ ಶೀಟು ಹಾಕಿಸಿದ್ದಾಯಿತು, ಅದಕ್ಕೆ ಓಲೆ ಸೊಸೈಟಿಯಲ್ಲಿ ಅಡವಿಗಿವೆ, ಇನ್ನೊಂದೆರಡು ಬೆಳೆ ಕೈಗೆ ಹತ್ತಿದರೆ ಬಿಡಿಸಿಕೊಳ್ಳುತ್ತೇವೆ ಎಂದು ಕಾಫಿ ಲೋಟ ಕೈಯಲ್ಲಿ ಹಿಡಿದು ಆರಾಮವಾಗಿ ಹೇಳಿದರು. ಹುಡುಗ ರಾಮನಗರದಲ್ಲಿ ಲ್ಯಾಬ್ ಟೆಕ್ನೀಷಿಯನ್, ಸಂಭಾವಿತ, ನನ್ನ ಮಗಳು ಒಪ್ಪಿದ್ದವನು. ಆದರೂ ಅವರು ಹೋದ ಮೇಲೆ ನನ್ನ ತಮ್ಮನ ಹೆಂಡತಿ, ಈ ಕಾಲದಲ್ಲೂ ಕಿವಿಗೆ ಕಡ್ಡಿಯೇ ಎಂದಳು. ಅವಳು ಅಂದದ್ದು ಅಷ್ಟೇ. ನನಗೆ ಅದು ಮದುವೆಯವರೆಗೂ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಮದುವೆಯ ಖರ್ಚನ್ನು ನಾನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಕೂಡಿಟ್ಟದ್ದು ಛತ್ರಕ್ಕೂ ಮಗಳ ಒಡವೆಗೂ ಮುಗಿದಿತ್ತು. ಮಿಕ್ಕಿದ್ದೆಲ್ಲ ಕ್ರೆಡಿಟ್ ಕಾರ್ಡು. ಸೀರೆ ಅಂಗಡಿಯಲ್ಲಿ ಕಾರ್ಡು, ಅಳಿಯನಿಗೆ ಕೊಟ್ಟ ಫೋನು ಕಾರ್ಡು. ಮಾರನೆಯ ದಿನದ ಬೀಗರ ಊಟಕ್ಕೆ ಊರಿಗೆಲ್ಲ ಹೇಳಿಬಿಟ್ಟಿದ್ದೆ. ಅಡುಗೆಯವರು ನಗದು ಬೇಕೆಂದಾಗ ಅದೇ ಕಾರ್ಡನ್ನು ಎಟಿಎಂಗೆ ಹಾಕಿ ದುಡ್ಡು ತೆಗೆದು ಮಟನ್ನಿಗೆ ಕೊಟ್ಟೆ. ಹಾಗೆ ತೆಗೆದ ದುಡ್ಡಿಗೆ ಅವತ್ತಿನಿಂದಲೇ ಬಡ್ಡಿ ಎಂಬುದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ, ಗೊತ್ತಿತ್ತು. ಇದೆಲ್ಲದರ ಮೇಲೆ ಬೀಗಿತ್ತಿಗೆ ಒಂದು ಜೊತೆ ಏಳು ಕಲ್ಲಿನ ಓಲೆ. ಬೀಗರ ಊಟಕ್ಕೆ ಕಾರ್ಖಾನೆಯ ಮ್ಯಾನೇಜರ್ ಬರುತ್ತಿದ್ದರು. ಅವರ ಎದುರು ನನ್ನ ಬೀಗಿತ್ತಿ ಕಡ್ಡಿ ಸಿಕ್ಕಿಸಿಕೊಂಡು ಓಡಾಡುವುದನ್ನು ನೆನೆಸಿಕೊಂಡರೇ ಮೈ ಹಿಡಿಯಾಗುತ್ತಿತ್ತು. ಉಳಿತಾಯದ ದುಡ್ಡು ಎಂದು ಹೆಂಡತಿಗೆ ಹೇಳಿದೆ. ಪಾಪ, ಎಷ್ಟು ದೊಡ್ಡ ಮನಸ್ಸು ನಿಮ್ಮದು ಎಂದಳು.

ತಾಂಬೂಲದ ಜೊತೆಗೆ ಓಲೆಯ ಡಬ್ಬಿ ಇಟ್ಟು ಕೊಟ್ಟಾಗ ಫೋಟೋದವನು ಎದುರಿಗೇ ಇದ್ದ. ಅವರು ಡಬ್ಬಿ ತೆಗೆದು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದರು. "ನನ್ ಕಿವಿ ಕಡ್ಡಿ ಕಂಡು ಬೀಗರಿಗೆ ನಾಚ್ಕೆ ಆಗೋಗೈತೆ ಕಣ್ರವ್ವ. ಅದ್ಕೇ ಓಲೆ ತಂದವ್ರೆ." ಎಲ್ಲರೂ ನಕ್ಕರು, ಬೀಗರ ನಡುವಿನ ತಮಾಷೆ ಎಂದುಕೊಂಡು ಮ್ಯಾನೇಜರೂ ನಕ್ಕರು, ನಾನೂ ನಕ್ಕೆ. ಅವರು ಅಲ್ಲೇ ಕಡ್ಡಿಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ಇದನ್ನು ನೀವಿಟ್ಟುಕೊಳ್ಳಿ ಎಂದು ಓಲೆ ಹಾಕಿಕೊಂಡರು. ಚೆನ್ನಾಗಿ ಕಾಣುತ್ತಿದ್ದವು. ಕಡ್ಡಿಗಳನ್ನು ನಾನು ಕೈ ತೊಳೆಯುವ ಜಾಗದಲ್ಲಿ ಎಂಜಲೆಲೆಯ ರಾಶಿಗೆ ಎಸೆದೆ.

ಮದುವೆಯ ಸಡಗರ ಮುಗಿದು ಬಿಲ್ಲುಗಳು ಬರತೊಡಗಿದವು. ತಿಂಗಳು ತಿಂಗಳು ಬ್ಯಾಂಕು ಹೇಳಿದ ಕನಿಷ್ಠ ಮೊತ್ತ ಕಟ್ಟುತ್ತಿದ್ದೆ. ಅದೆಲ್ಲ ಬಡ್ಡಿಗೇ ಹೋಗಿ ಅಸಲು ಇದ್ದಲ್ಲೇ ಇರುತ್ತಿತ್ತು, ಕೆಲವು ತಿಂಗಳು ಬೆಳೆಯುತ್ತಲೂ ಇತ್ತು. ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಲ್ಲಿಸಿದರು. ಮೆಸೇಜು ಬಂದರೆ ಹೆಂಡತಿಗೆ ಕಾಣದಂತೆ ಫೋನನ್ನು ಬೋರಲು ಇಡುವುದು ಅಭ್ಯಾಸವಾಯಿತು. ಆ ಹೊತ್ತಿನಲ್ಲಿ ಬೇರೊಂದು ಬ್ಯಾಂಕಿನಿಂದ ಫೋನು ಬಂತು. ನಿಮ್ಮ ಹಳೆಯ ಕಾರ್ಡಿನ ಬಾಕಿಯನ್ನೆಲ್ಲ ನಮ್ಮ ಹೊಸ ಕಾರ್ಡಿಗೆ ವರ್ಗ ಮಾಡಿಕೊಳ್ಳಿ ಸಾರ್, ಕೆಲವು ತಿಂಗಳು ಬಡ್ಡಿಯೇ ಇಲ್ಲ, ಮೊದಲಿಗೆ ಒಂದು ಸಣ್ಣ ಶುಲ್ಕ ಕಟ್ಟಿದರೆ ಸಾಕು ಎಂದಳು ಫೋನು ಮಾಡಿದ ಹುಡುಗಿ. ಅವಧಿ ಮುಗಿದ ಮೇಲೆ ಏನು ಎಂದು ಕೇಳಿದೆ. ಅಷ್ಟರಲ್ಲಿ ತೀರಿಸಿಬಿಡುತ್ತೀರಿ ಬಿಡಿ ಸಾರ್ ಎಂದಳು. ಊಟದ ವಿರಾಮದಲ್ಲಿ ಕ್ಯಾಂಟೀನಿನ ಹಿಂದೆ ನಿಂತು ಯೋಚಿಸಿದೆ. ಶುಲ್ಕ ಕೊಟ್ಟರೂ ಉಳಿತಾಯವೇ. ಕೈ ಬಿಗಿ ಹಿಡಿದರೆ ಅವಧಿಯೊಳಗೆ ಬಹುಪಾಲು ಕಟ್ಟಬಹುದು. ಕೈ ಬಿಗಿ ಹಿಡಿಯಬೇಕಾದರೆ ಮನೆಯಲ್ಲಿ ಹೇಳಬೇಕು. ಅಲ್ಲಿಗೆ ಬಂದು ನನ್ನ ಲೆಕ್ಕ ನಿಲ್ಲುತ್ತಿತ್ತು. ಹಾಗೆಯೇ ವಾರಗಟ್ಟಲೆ ಹೂಂ ಅನ್ನದೆ ಊಹೂಂ ಅನ್ನದೆ ಕಳೆದೆ.

ಕೊನೆಗೆ ಅರ್ಜಿ ಹಾಕಿದೆ. ಮನೆಯಲ್ಲಿ ಜೊತೆಗಿಲ್ಲದ ನೆಂಟರೊಬ್ಬರ ನಂಬರು ರೆಫರೆನ್ಸಿಗೆ ಬೇಕೆಂದರು. ತಮ್ಮಂದಿರ ನಂಬರು ಕೊಡುವುದೆಂದರೆ ಸತ್ತ ಹಾಗೆಯೇ. ಬೀಗಿತ್ತಿಯ ನಂಬರು ಕೊಟ್ಟೆ. ನನ್ನ ಉಪಾಯ ಹೀಗಿತ್ತು: ಅವರ ಹುಳುಗಳು ಆಗ ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ತಿನ್ನುವ ಸಮಯ. ಆ ದಿನಗಳಲ್ಲಿ ಅವರು ಹುಳುವಿನ ಮನೆ ಬಿಟ್ಟು ಕದಲುವುದಿಲ್ಲ, ಫೋನು ಒಳಗೆ ಒಯ್ಯುವುದಿಲ್ಲ. ಬ್ಯಾಂಕಿನವರು ಒಂದೆರಡು ಸಲ ಮಾಡಿ ಬಿಟ್ಟುಬಿಡುತ್ತಾರೆ. ಅಕಸ್ಮಾತ್ ಎತ್ತಿದರೂ ಬಟನ್ ಫೋನಿನ ಈ ಹೆಂಗಸಿಗೆ ಕಾರ್ಡು, ವರ್ಗಾವಣೆ ಎಂದರೆ ಏನು ತಿಳಿಯುತ್ತದೆ ಎಂದುಕೊಂಡೆ. ಮಗಳನ್ನು ಕೊಟ್ಟ ಮನೆಯ ಹುಳುವಿನ ಲೆಕ್ಕ ಹಾಕಿ ಸಾಲ ಮುಚ್ಚಿಡಲು ಹೊರಟವನು ನಾನೊಬ್ಬನೇ ಇರಬೇಕು.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಆ ಸಲ ಹುಳುವಿಗೆ ಹಾಲುತೊಂಡೆ ರೋಗ ಬಂದಿತ್ತು. ಇಡೀ ಬೆಳೆಯನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದ್ದರು. ಮಗಳು ನನಗೆ ಹೇಳಲು ಫೋನು ಮಾಡಿದ್ದಳಂತೆ, ಅವತ್ತು ನಾನು ಎತ್ತಿರಲಿಲ್ಲ. ಹಾಗಾಗಿ ಬ್ಯಾಂಕಿನ ಕರೆ ಬಂದಾಗ ಬೀಗಿತ್ತಿ ಕೆಲಸವಿಲ್ಲದ ಕೈ ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಎತ್ತಿದರು. ಎತ್ತಿದವರು ಸುಮ್ಮನೆ ಬಿಡುವವರೇ? ಕರೆ ಮಾಡಿದವಳ ಊರು, ಮದುವೆ ಆಗಿದೆಯೋ ಇಲ್ಲವೋ, ಎಲ್ಲ ಕೇಳಿ, ಅದರ ನಡುವೆ ನನ್ನ ಸಾಲವನ್ನೂ ಪೂರ್ತಿ ಬಿಡಿಸಿಕೊಂಡಿದ್ದರು. ಭಾನುವಾರ ಒಸಿ ಅಕ್ಕೂರಿನ ತನಕ ಬಂದು ಹೋಗಿ ಬೀಗರೇ, ಒಬ್ಬರೇ ಬನ್ನಿ ಎಂದು ನನಗೆ ಫೋನು ಮಾಡಿದರು. ಬೈಕಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ: ಇಷ್ಟು ಹೊತ್ತಿಗೆ ಎಷ್ಟು ಜನಕ್ಕೆ ಹೇಳಿರಬಹುದು.

ಅವರು ಹುಳುವಿನ ಮನೆಯ ಮುಂದೆ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತಟ್ಟೆಗಳನ್ನು ತೊಳೆಯುತ್ತಿದ್ದರು. ಹುಳುವೇ ಇರಲಿಲ್ಲ, ಆದರೂ ರೂಢಿಯಲ್ಲಿ, ಕೈಕಾಲು ತೊಳೆದುಕೊಳ್ಳಿ ಎಂದರು. ತೊಳೆದುಕೊಂಡೆ. ಬೆಳೆ ಹೋದ ಸಂಗತಿ ನನಗೆ ಅರ್ಥವಾದದ್ದು ಆಗಲೇ. ನಾನು ಅದರ ಬಗ್ಗೆ ಏನೋ ಹೇಳಲು ಹೋದೆ. ಅವರು ಕೈಯಾಡಿಸಿ ಅದನ್ನು ಅಲ್ಲಿಗೇ ಬಿಟ್ಟು ದನಿ ತಗ್ಗಿಸಿದರು. ಅವರಿಗೆ ದನಿ ತಗ್ಗಿಸಲು ಬರುತ್ತದೆ ಎಂಬುದೇ ನನಗೆ ಹೊಸದು.

"ಬ್ಯಾಂಕಿಂದ ಒಂದು ಹುಡ್ಗಿ ಫೋನ್ ಮಾಡಿತ್ತು. ಇವರು ಗೊತ್ತಾ ಅಂತು. ಗೊತ್ತಿಲ್ದೆ ಏನವ್ವಾ, ನಮ್ ಬೀಗ್ರು, ಒಳ್ಳೆ ಮನ್ಸ, ಮಾತು ಕೊಟ್ರೆ ಉಳಿಸ್ಕತಾರೆ ಅಂದೆ. ಆಮೇಲೆ ಕೇಳ್ದೆ, ಯಾತಕ್ಕೆ ಅಂತ." ಸ್ವಲ್ಪ ಹೊತ್ತು ತಟ್ಟೆ ಉಜ್ಜಿದರು. "ಈ ಓಲೆನೂ ಅದ್ರಲ್ಲೇ ತಂದಿದ್ದಾ?"

ನಾನು ಹೌದೆಂದು ತಲೆ ಆಡಿಸಿದೆ. ಅವರು ಕೈ ಒರೆಸಿಕೊಂಡು ಕಿವಿಯಿಂದ ಓಲೆ ಬಿಚ್ಚಿ ನನ್ನ ಮುಂದೆ ಹಿಡಿದರು. ಮಾರಿ ಕಟ್ಟಿಬಿಡಿ, ಒಂದು ಭಾರ ಇಳಿಯಲಿ ಎಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕೊಟ್ಟ ಉಡುಗೊರೆ ವಾಪಸು ತೆಗೆದುಕೊಂಡರೆ ನನ್ನ ಮರ್ಯಾದೆ ಏನಾಗಬೇಕು, ಜನ ಏನೆನ್ನುತ್ತಾರೆ, ನನ್ನ ಮಗಳಿಗೆ ಈ ಮನೆಯಲ್ಲಿ ತಲೆ ಎತ್ತಲಾಗುತ್ತದೆಯೇ ಎಂದು ಒಂದೇ ಉಸಿರಿಗೆ ಏನೇನೋ ಹೇಳಿದೆ. ಮಗಳ ಹೆಸರನ್ನು ಯಾಕೆ ಎಳೆದುತಂದೆನೋ, ಅವಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅವರು ಕೇಳಿಸಿಕೊಂಡರು. "ಸರಿ ಬುಡಿ. ನಿಮ್ ಸಾಲ ತೀರೋಗಂಟ ನಾನು ಇವ ಹಾಕ್ಕೊಳಾಕಿಲ್ಲ," ಎಂದು ಓಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿದರು. ಬೆಳೆ ಹೋಗಿ ಕೈಯಲ್ಲಿ ದುಡ್ಡಿಲ್ಲದ ಹೊತ್ತು ಅದು. ಅವನ್ನು ಅಡವಿಡಬಹುದಿತ್ತು. ಸಾಲದ್ದು ಎಂದು ತಿಳಿದ ಮೇಲೆ ಅಡವಿಡಲೂ ಅವರಿಗೆ ಮನಸ್ಸಾಗಲಿಲ್ಲ.

ಬಡ್ಡಿಯಿಲ್ಲದ ಕಾರ್ಡಿನ ವಿಷಯವನ್ನೂ ಕೇಳಿದರು. ನಾನು ವಿವರಿಸಿದೆ. ಅವರು ಬೇಡವೆನ್ನಲಿಲ್ಲ. "ಬಡ್ಡಿ ಇಲ್ಲ ಅಂದ್ರೆ ಯಾಕ್ ಬ್ಯಾಡ, ಬದಲಾಯ್ಸ್ಕಳಿ. ನಾನೂ ಒಂದು ಕಡೆ ಬಿಡ್ಸಿ ಇನ್ನೊಂದು ಕಡೆ ಇಟ್ಟಿಲ್ವಾ? ಎಲ್ಲಿಟ್ರೂ ಕಿವೀಲಿ ಕಡ್ಡಿನೇ. ಕಡ್ಡಿ ಇದ್ರೆ ನಂಗೂ ಗ್ಯಾನ ಇರ್ತದೆ, ಮನೇರಿಗೂ ಗ್ಯಾನ ಇರ್ತದೆ, ಯಾರೂ ಅದು ತತ್ತಾ ಇದು ತತ್ತಾ ಅನ್ನಾಕಿಲ್ಲ. ನಿಮಗೆ ಕಡ್ಡಿನೇ ಇಲ್ವಲ್ಲ ಬೀಗ್ರೇ. ಮನೇಲಿ ಯೋಳ್ಬುಡಿ." ಗಿಲೀಟು ಅವರಿಗೆ ಯಾಕೆ ಆಗುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಅವತ್ತು. ಹೇಳುತ್ತೇನೆ ಎಂದು ಮಾತು ಕೊಟ್ಟೆ. ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡೆ. ಅವರು ನಕ್ಕು, ನನ್ನ ಬಾಯಿ ಅಷ್ಟು ಕೆಟ್ಟದ್ದಾ ಎಂದರು.

ಸಾಲ ಹೊಸ ಕಾರ್ಡಿಗೆ ವರ್ಗವಾಯಿತು. ಹಳೆಯ ಕಾರ್ಡಿನಲ್ಲಿ ಬಾಕಿ ಸೊನ್ನೆ ಎಂದು ಮೆಸೇಜು ಬಂದ ದಿನ ನನಗೆ ಸಾಲ ತೀರಿದಷ್ಟೇ ಖುಷಿಯಾಯಿತು, ತೀರಿರಲಿಲ್ಲ. ಆ ಹಳೆಯ ಕಾರ್ಡನ್ನು ಮುರಿದು ಹಾಕಬೇಕಿತ್ತು. ಪರ್ಸಿನಲ್ಲೇ ಇಟ್ಟುಕೊಂಡೆ. ಮಗಳ ಸೀಮಂತ ಬಂತು. ಹೆಂಡತಿ ರೇಷ್ಮೆ ಸೀರೆ ಕೇಳಿದಳು, ಬೇಡವೆನ್ನಲು ಕಾರಣ ಹೇಳಬೇಕಾಗಿತ್ತು, ಕಾರಣ ಹೇಳುವುದಕ್ಕಿಂತ ಸೀರೆ ತರುವುದು ಸುಲಭ ಎನ್ನಿಸಿತು. ಅಕ್ಕೂರಿನಿಂದ ಬಂದ ಬೀಗಿತ್ತಿ ಒಂದು ಮೂಲೆಯಲ್ಲಿ ನನ್ನನ್ನು ಕಂಡು, ಸುಮ್ಮನೆ ಕಿವಿಯ ಕಡ್ಡಿಯನ್ನು ಮುಟ್ಟಿ ಹುಬ್ಬೇರಿಸಿದರು. ಮನೆಯಲ್ಲಿ ಹೇಳಿದಿರಾ ಎಂದು ಅದರ ಅರ್ಥ. ಹೂಂ, ಹೇಳಿದೆ ಎಂದುಬಿಟ್ಟೆ. ಅವರ ಮುಖ ಅರಳಿತು. ಆಗಲೇ ನನ್ನ ಹೆಂಡತಿ ಹೊಸ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಬಂದು, ಹೇಗಿದೆ ಬೀಗ್ತೀ, ಇವರೇ ಆರಿಸಿದ್ದು ಎಂದಳು. ಬೀಗಿತ್ತಿ ಸೀರೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಸಾಲದ ಸುದ್ದಿ ತಿಳಿದ ಹೆಂಗಸು ಇಂಥ ಸೀರೆ ಉಟ್ಟು ಹೀಗೆ ನಗುವುದಿಲ್ಲ ಎಂದು ಅವರಿಗೆ ಆ ಕ್ಷಣಕ್ಕೆ ಗೊತ್ತಾಗಿರಬೇಕು. ಚೆನ್ನಾಗೈತೆ ಕಣವ್ವ ಎಂದರು. ನನ್ನ ಕಡೆ ಒಂದು ಸಲ ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮೊಮ್ಮಗುವನ್ನು ಎತ್ತಿಕೊಂಡು ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋದ ದಿನ ನಡೆದದ್ದು ಇನ್ನೂ ಕಷ್ಟದ್ದು. ಅಷ್ಟು ಹೊತ್ತಿಗೆ ಒಳ್ಳೆಯ ಬೆಳೆ ಬಂದು ಸೊಸೈಟಿಯ ಬಾಕಿ ತೀರಿತ್ತು. ಬಿಡಿಸಿ ತಂದ ಅವರ ಸ್ವಂತ ಓಲೆಯನ್ನು ನನ್ನ ಮಗಳ ಬಾಣಂತನದಲ್ಲಿ ಅವಳಿಗೇ ಹಾಕಿದ್ದರು. ತಮ್ಮ ಕಿವಿಯಲ್ಲಿ ಕಡ್ಡಿ. ನನ್ನ ತಮ್ಮಂದಿರ ಮನೆಯವರೆಲ್ಲ ಇದ್ದರು. ನನ್ನ ಹೆಂಡತಿಗೆ ಬಹಳ ದಿನದಿಂದ ಹೊಟ್ಟೆಯಲ್ಲಿದ್ದದ್ದು ಅವತ್ತು ಬಾಯಿಗೆ ಬಂತು. "ನಾವು ಕೊಟ್ಟ ಓಲೆನೂ ಅಡ ಇಟ್ಬುಟ್ರಾ ಬೀಗ್ತೀ? ಅಷ್ಟು ಆಸೆ ಪಟ್ಟು ತಂದಿದ್ರು ನಮ್ಮವರು." ಪ್ರಾಕಾರದಲ್ಲಿ ಕೂತಿದ್ದವರೆಲ್ಲ ತಿರುಗಿದರು. ನಾನು ಪಕ್ಕದಲ್ಲೇ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಒಂದು ಮಾತು, ಅದು ಅಡವಿನಲ್ಲಿಲ್ಲ, ನನ್ನಿಂದ ಹೀಗಾಗಿದೆ ಎಂಬ ಒಂದು ಮಾತು ನನ್ನ ಬಾಯಿಂದ ಬರಬೇಕಿತ್ತು. ನಾನು ಮಗುವಿನ ಕುಲಾವಿಯ ದಾರ ಬಿಚ್ಚಿ ಮತ್ತೆ ಕಟ್ಟಿದೆ. "ಊಂ ಕಣವ್ವ," ಎಂದರು ಬೀಗಿತ್ತಿ, "ನನ್ ಕಿವಿಗೆ ಚಿನ್ನ ಇಡ್ಸಾಕಿಲ್ಲ." ಅಂದು ಮಗುವಿಗೆ ಕೈ ಚಾಚಿದರು. ಕೊಟ್ಟೆ. ನನ್ನ ಕಣ್ಣು ನೋಡದೆ ತೆಗೆದುಕೊಂಡರು.

ಆಮೇಲೆ ಮಗಳ ಫೋನು ಬಂತು. ಅಳಿಯ ತಾಯಿಯನ್ನು ತರಾಟೆಗೆ ತೆಗೆದುಕೊಂಡಿದ್ದನಂತೆ. ಬೀಗರು ಕೊಟ್ಟದ್ದನ್ನು ಎಲ್ಲಿ ಇಟ್ಟಿದ್ದೀಯ, ನಾನೇ ಬಿಡಿಸುತ್ತೇನೆ, ಚೀಟಿ ಕೊಡು ಎಂದು ಹಟ ಹಿಡಿದನಂತೆ. ಅವರು ಎಲ್ಲೋ ಐತೆ ಬುಡ್ಲಾ ಎಂದು ಸೊಪ್ಪು ಹೆಚ್ಚುತ್ತ ಕೂತರಂತೆ. ತಾಯಿ ಮಗ ಮಾತು ಬಿಟ್ಟು ಎಷ್ಟೋ ದಿನವಾಗಿದೆ, ಮನೆಯಲ್ಲಿ ಇರಲಾಗುತ್ತಿಲ್ಲ ಅಪ್ಪ ಎಂದು ಮಗಳು ಅತ್ತಳು. ಹೋಗಲಿ ಬಿಡವ್ವ, ಹಳೇ ಕಾಲದ ಜನ ಎಂದೆ. ಈ ಮಾತನ್ನು ನಾನು ಹೇಳಿದ್ದು ನಿಜ. ಕಾರ್ಖಾನೆಯ ಗೇಟಿನ ಹತ್ತಿರ ನಿಂತು ಹೇಳಿದೆ, ಹೇಳಿ ಒಳಗೆ ಹೋಗಿ ಕೆಲಸ ಮಾಡಿದೆ. ಅಷ್ಟರಲ್ಲಿ ಬಡ್ಡಿಯಿಲ್ಲದ ತಿಂಗಳುಗಳು ಮುಗಿದಿದ್ದವು. ಹೊಸ ಕಾರ್ಡಿನ ಬಾಕಿ ಅರ್ಧವೂ ತೀರಿರಲಿಲ್ಲ, ಹಳೆಯ ಕಾರ್ಡು ಮತ್ತೆ ತುಂಬಿತ್ತು. ಒಂದಿದ್ದ ಸಾಲ ಎರಡಾಗಿತ್ತು.

ಬೀಗಿತ್ತಿ ತೀರಿಹೋದದ್ದು ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ. ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹುಳು ಬಿಡುತ್ತಿದ್ದವರು ಎದೆ ಒತ್ತಿಕೊಂಡು ಅಲ್ಲೇ ಗೋಡೆಗೆ ಒರಗಿದರಂತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತು. ಅಳಿಯ ಫೋನಿನಲ್ಲಿ ಹೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ಗೊತ್ತಿದ್ದವರು ಅವರೊಬ್ಬರೇ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು ಎದೆ ಹಗುರವಾಯಿತು. ಒಂದು ಗಳಿಗೆ ಅಷ್ಟೇ ಇರಬಹುದು. ಆ ಗಳಿಗೆ ಇತ್ತು ಎಂಬುದನ್ನು ನಾನು ಅಲ್ಲಗಳೆಯಲಾರೆ.

ನಾವು ಅಕ್ಕೂರು ತಲುಪಿದಾಗ ಅಂಗಳದಲ್ಲಿ ಅವರನ್ನು ಮಲಗಿಸಿದ್ದರು. ಹುಳು ಕಾಯುವುದಿಲ್ಲವಲ್ಲ, ನೆರೆಮನೆಯವರು ಸರದಿಯ ಮೇಲೆ ಒಳಗೆ ಹೋಗಿ ಉಳಿದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು ಬರುತ್ತಿದ್ದರು. ಒಳಗೆ ಹೋಗುವ ಮುನ್ನ ಪ್ರತಿಯೊಬ್ಬರೂ ಕೈಕಾಲು ತೊಳೆಯುತ್ತಿದ್ದರು, ಅವರು ನೋಡುತ್ತಿದ್ದಾರೋ ಎಂಬಂತೆ. ಹೆಂಗಸರು ಸ್ನಾನ ಮಾಡಿಸಿ, ಅರಿಶಿನ ಹಚ್ಚಿ, ಬದುಕಿದ್ದಾಗ ಹುಳುವಿಗಾಗಿ ಮುಡಿಯದೆ ಬಿಟ್ಟಿದ್ದ ಹೂವನ್ನೆಲ್ಲ ಒಟ್ಟಿಗೆ ಮುಡಿಸಿದರು. ಮುತ್ತೈದೆ, ಬರೀ ಕಿವಿಯಲ್ಲಿ ಕಳಿಸಬಾರದು, ಓಲೆ ತನ್ನಿ ಎಂದರು ಯಾರೋ. ನನ್ನ ಮಗಳು ತನ್ನ ಕಿವಿಗೆ ಕೈ ಹಾಕಿದಳು. ನಾವು ಕೊಟ್ಟ ಓಲೆ ಅಡವಿನಲ್ಲಿವೆಯಲ್ಲ ಎಂದು ನನ್ನ ಹೆಂಡತಿ ಮೆಲ್ಲಗೆ ಅಂದಳು. ಆಗ, ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದ ಅವರ ಗಂಡ ಎದ್ದು ಒಳಗೆ ಹೋಗಿ ಅರಿಶಿನದ ಡಬ್ಬಿ ತಂದರು. ಅದರೊಳಗಿನ ಬಟ್ಟೆಯ ಗಂಟನ್ನು ಬಿಚ್ಚಿದರು. ಏಳು ಕಲ್ಲಿನ ಓಲೆ, ಹೊಸದು ಹೊಸದಾಗೇ ಇತ್ತು.

"ಅಡ ಇಟ್ಟಿರ್ನಿಲ್ಲ," ಎಂದರು ಅವರು. "ಯಾಕ್ ಹಾಕ್ಕೊಳಲ್ಲ ಅಂದ್ರೆ, ಇನ್ನೂ ಟೈಮ್ ಬಂದಿಲ್ಲ ಅಂತಿದ್ಲು. ಯಾತರ ಟೈಮೋ ನಂಗೂ ಯೋಳ್ನಿಲ್ಲ, ಮಗನ ತಾವ ಬಾಯಿ ಬಿಡಬ್ಯಾಡ ಅಂದಿದ್ಲು."

ಬಸ್ಸಿಗೆಲ್ಲ ಸುದ್ದಿ ಹಂಚುತ್ತಿದ್ದ ಹೆಂಗಸು ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ. ಮಗ ಮಾತು ಬಿಟ್ಟರೂ ಹೇಳಿರಲಿಲ್ಲ. ಅಳಿಯ ಆ ಓಲೆಗಳನ್ನೇ ನೋಡುತ್ತ ನಿಂತುಬಿಟ್ಟ. ಮಗಳು ಅಳುತ್ತಲೇ ಒಂದು ಓಲೆ ತೆಗೆದುಕೊಂಡು, ಅವರ ತಲೆಯ ಹತ್ತಿರ ಕೂತು, ಕಿವಿಯ ಕಡ್ಡಿಗೆ ಕೈ ಹಾಕಿದಳು. ಹಾಕಲಿ ಬಿಡು, ಒಳ್ಳೆಯದೇ ಆಯಿತು, ಇಲ್ಲಿಗೆ ಮುಗಿಯಿತು ಎಂದು ನನ್ನ ಒಳಗೆ ಯಾರೋ ಹೇಳುತ್ತಿದ್ದರು.

"ಹಾಕ್ಬೇಡವ್ವ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಅದರ ಸಾಲ ಇನ್ನೂ ತೀರಿಲ್ಲ. ತೀರೋಗಂಟ ಹಾಕ್ಕೊಳಲ್ಲ ಅಂದಿದ್ರು. ಸಾಲ ನಂದು."

ನಿಂತಲ್ಲೇ ಎಲ್ಲ ಹೇಳಿದೆ. ತಮ್ಮಂದಿರಿದ್ದರು, ಅವರ ಹೆಂಡಂದಿರಿದ್ದರು, ಊರಿನ ಜನ ಇದ್ದರು. ಕಾರ್ಡು, ಬೀಗರ ಊಟ, ಹೊಸ ಕಾರ್ಡು, ಕೊಟ್ಟ ನಂಬರು, ಆಡಿದ ಸುಳ್ಳು. ದೊಡ್ಡಮಳೂರಿನಲ್ಲಿ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನೆಲ ನೋಡುತ್ತಿದ್ದೆನಾದ್ದರಿಂದ ಯಾರ ಮುಖ ಹೇಗಿತ್ತೋ ಗೊತ್ತಿಲ್ಲ. ಮಗಳು ಓಲೆಯನ್ನು ಡಬ್ಬಿಗೆ ವಾಪಸು ಹಾಕಿದಳು. ಅವಳ ಕೈ ತಗುಲಿ ಎಡಗಿವಿಯ ಕಡ್ಡಿ ಅರ್ಧ ಜಾರಿತ್ತು. ನನ್ನ ಹೆಂಡತಿ ಮುಂದೆ ಬಂದು ಮಂಡಿಯೂರಿ ಕೂತು, ಆ ಕಡ್ಡಿಯನ್ನು ನಿಧಾನಕ್ಕೆ ಒಳಗೆ ತಳ್ಳಿ ಸರಿ ಮಾಡಿದಳು. ಆಮೇಲೆ ಆ ಕಿವಿಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಅತ್ತಳು. ನನ್ನ ಬೀಗಿತ್ತಿ ಮುತ್ತೈದೆಯಾಗಿ, ತಲೆ ತುಂಬ ಹೂವು ಮುಡಿದು, ಕಿವಿಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಮಣ್ಣಿಗೆ ಹೋದರು. ಅದು ನನ್ನಿಂದ.

ಅಕ್ಕೂರಿನಿಂದ ವಾಪಸು ಕೊಟ್ಟು ಕಳಿಸಿದ ಆ ಓಲೆಯ ಡಬ್ಬಿ ಈಗ ನಮ್ಮ ಮನೆಯ ಟೀವಿಯ ಪಕ್ಕದಲ್ಲಿದೆ. ಹೆಂಡತಿ ಅಲ್ಲಿಟ್ಟಿದ್ದಾಳೆ, ಮುಚ್ಚಳ ತೆಗೆದೇ ಇಟ್ಟಿದ್ದಾಳೆ. ಬಂದವರು ಇದ್ಯಾಕೆ ಹೊರಗಿದೆ ಎಂದು ಕೇಳಿದರೆ ಅವಳು ನನ್ನ ಕಡೆ ತೋರಿಸುತ್ತಾಳೆ. ಕಾರ್ಡುಗಳನ್ನು ಕತ್ತರಿಸಿದ್ದಾಯಿತು. ಅಳಿಯ ನನ್ನ ಜೊತೆ ಮಾತಾಡುತ್ತಾನೆ, ಬೇಕಾದಷ್ಟು ಮಾತ್ರ. ತಿಂಗಳು ತಿಂಗಳು ಕಟ್ಟುತ್ತಿದ್ದೇನೆ, ಇನ್ನೂ ಇದೆ.

ಹೋದ ವಾರ ಮತ್ತೊಂದು ಬ್ಯಾಂಕಿನಿಂದ ಫೋನು ಬಂತು. ಉಳಿದದ್ದನ್ನು ನಮಗೆ ವರ್ಗ ಮಾಡಿ ಸಾರ್, ಬಡ್ಡಿ ಇರುವುದಿಲ್ಲ ಎಂದರು. ಈ ಸಲ ಫೋನನ್ನು ಸ್ಪೀಕರಿಗೆ ಹಾಕಿ ಹೆಂಡತಿಯ ಎದುರಿಗೇ ಇಟ್ಟೆ. ಇಬ್ಬರೂ ಕೂತು ಯೋಚಿಸಿದೆವು. ಬದಲಾಯಿಸಿಕೊಳ್ಳುವುದೇ ಲೇಸು, ಹೊಸ ಕಾರ್ಡು ತನ್ನ ಕೈಯಲ್ಲಿರಲಿ ಎಂದಳು. ಸರಿ ಎಂದೆ. ರೆಫರೆನ್ಸಿಗೆ ನೆಂಟರೊಬ್ಬರ ನಂಬರು ಹೇಳಿ ಸಾರ್, ನಿಮ್ಮನ್ನು ಚೆನ್ನಾಗಿ ಬಲ್ಲವರು ಎಂದರು ಆ ಕಡೆಯವರು. ಹೆಂಡತಿ ನನ್ನ ತಮ್ಮನ ನಂಬರು ಹೇಳಿದಳು. ನನ್ನನ್ನು ಚೆನ್ನಾಗಿ ಬಲ್ಲವರ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ. ಮಾತು ಕೊಟ್ಟರೆ ಉಳಿಸಿಕೊಳ್ಳುತ್ತಾನೆ ಎಂದು ನನ್ನ ಬಗ್ಗೆ ಹೇಳಿದವರು ಅವರೊಬ್ಬರೇ.